ಇನ್ನೂ ಸಂಜೆಯಾಗದ ಕೈ

ಬ್ರಷ್ ಕಾರ್ಖಾನೆಯ ಮೇಲಿನ ಕೋಣೆ,
ಬುಧವಾರ, ಮಧ್ಯಾಹ್ನ ಎರಡು ಗಂಟೆ

ಪ್ರೀತಿಯ ಅಪ್ಪಾ,

ನಿಮ್ಮ ಅಳಿಯ ದಿನವೂ ಸಂಜೆ ಆರೂವರೆಗೆ ಶುದ್ಧನಾಗುತ್ತಾನೆ. ಒಂದು ದಿನವೂ ತಪ್ಪಿಲ್ಲ, ನಾನೇ ಕಣ್ಣಾರೆ ನೋಡಿದ್ದೇನೆ. ಇದನ್ನು ಎರಡನೆಯ ಪುಟಕ್ಕೆ ಇಟ್ಟುಕೊಂಡು ಮೊದಲು ನಿಮ್ಮ ಕ್ಷೇಮ ಕೇಳಬೇಕು ಅಂದುಕೊಂಡೇ ಕೂತಿದ್ದೆ. ಏನು ಮಾಡಲಿ, "ಈ ಗಡಿಬಿಡಿಯ ಬಾಯಲ್ಲಿ ಎಳ್ಳುಕಾಳೂ ನೆನೆಯಲ್ಲ" ಎಂದು ನೀವು ಹೇಳುತ್ತಿದ್ದದ್ದು ಮದುವೆಯಾದ ಮೇಲೂ ಸುಳ್ಳಾಗಲಿಲ್ಲ. ಈಗ ಕೇಳುತ್ತೇನೆ. ನಿಮ್ಮ ಬಲಭುಜ ಹೇಗಿದೆ? ಡಾಕ್ಟರು ಏಣಿ ಹತ್ತಬೇಡಿ ಅಂದಿದ್ದರೂ ಹೊಸ ಪ್ರಾರ್ಥನಾಮಂದಿರದ ಗೋಡೆಗೆ ವಾಕ್ಯ ಬರೆಯಲು ನೀವೇ ಹತ್ತುತ್ತಿದ್ದೀರಂತೆ, ಮೇಲಿನ ಸಾಲಿಗೆ ಕೈ ಎತ್ತಲಾಗದೆ ಅರ್ಧಕ್ಕೇ ಇಳಿದು ಬರುತ್ತೀರಂತೆ. ಅಮ್ಮ ಎಲ್ಲ ಬರೆದಿದ್ದಾಳೆ, ಅವಳನ್ನು ಬಯ್ಯಬೇಡಿ. ಅವಳ ಕೆಮ್ಮು ಕಡಿಮೆಯಾಯಿತೇ? ಕಷಾಯ ಕುಡಿದೆ ಎಂದು ಹೇಳಿ ಸಿಂಕಿಗೆ ಸುರಿಯುತ್ತಾಳೆ, ಎದುರಿಗೇ ನಿಂತು ಕುಡಿಸಿ. ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ಚೆನ್ನಾಗಿದ್ದೇವೆ ಅಂದರೆ, ನಾನು ಒಂಬತ್ತು ದಿನದಿಂದ ಕೂತಲ್ಲಿ ಕೂರಲಾಗದೆ, ನಿಂತಲ್ಲಿ ನಿಲ್ಲಲಾಗದೆ ಸುತ್ತುತ್ತಿದ್ದೇನೆ. ಅತ್ತೆ ನಿನ್ನೆ "ಕಾಲಿಗೇನು ಚಕ್ರ ಕಟ್ಟಿಕೊಂಡಿದ್ದೀಯಾ ಮಗಳೇ?" ಅಂದರು.

ಮೊದಲು ಈ ಮನೆ ಹೇಗಿದೆ ಹೇಳುತ್ತೇನೆ, ನೀವು ಒಳಗೆ ಬಂದೇ ಇಲ್ಲವಲ್ಲ. ಕೆಳಗೆ ಉದ್ದನೆಯ ಒಂದು ಕೋಣೆ, ಅದೇ ಕಾರ್ಖಾನೆ. ಬಾಗಿಲ ಬಳಿ ಹಂದಿ ಕೂದಲಿನ ಕಟ್ಟುಗಳು ಬಂದು ಬೀಳುತ್ತವೆ. (ನೋಡಿ, ಆ ಪದ ಬರೆದೇಬಿಟ್ಟೆ. ನಮ್ಮ ಮನೆಯಲ್ಲಿ ಅದನ್ನು "ಆ ಪ್ರಾಣಿ" ಎಂದೇ ಹೇಳಿ ಬೆಳೆದವಳು ನಾನು, ಇಲ್ಲಿ ದಿನಕ್ಕೆ ಐವತ್ತು ಸಲ ಕೇಳುತ್ತೇನೆ.) ಕೂದಲನ್ನು ಕುದಿಸಿ, ಒಣಗಿಸಿ, ಉಕ್ಕಿನ ಹಲ್ಲಿನ ಬಾಚಣಿಗೆಯಲ್ಲಿ ಬಾಚಿ, ಉದ್ದ ಗಿಡ್ಡ ಬೇರೆ ಮಾಡಿ, ಬುಡವೆಲ್ಲ ಒಂದು ಕಡೆ ತುದಿಯೆಲ್ಲ ಇನ್ನೊಂದು ಕಡೆ ಬರುವಂತೆ ಅತ್ತೆ ಜೋಡಿಸುತ್ತಾರೆ. ಒಂದೇ ಒಂದು ಕೂದಲು ತಲೆಕೆಳಗಾಗಿದ್ದರೂ ಅವರ ಬೆರಳಿಗೆ ಗೊತ್ತಾಗುತ್ತದೆ, ಕಣ್ಣು ಬೇಕಾಗಿಲ್ಲ. ಇವರು, ನಿಮ್ಮ ಅಳಿಯ, ಅದಕ್ಕೆ ತಗಡಿನ ಪಟ್ಟಿ ಸುತ್ತಿ, ಅಂಟು ಹಾಕಿ, ಮರದ ಹಿಡಿ ಕೂರಿಸುತ್ತಾರೆ. ಕೆಲಸ ಮಾಡುವಾಗ ನಾಲಿಗೆಯ ತುದಿಯನ್ನು ಹಲ್ಲಿನ ನಡುವೆ ಕಚ್ಚಿಕೊಂಡಿರುತ್ತಾರೆ. ಅದನ್ನು ನೋಡುವುದಕ್ಕೇ ನಾನು ದಿನಕ್ಕೆ ಆರು ಸಲ ನೀರು ಕೊಡುವ ನೆಪದಲ್ಲಿ ಇಳಿದು ಹೋಗುತ್ತೇನೆ. ಇಷ್ಟು ನೀರು ಕುಡಿದರೆ ತೇಲಿಹೋಗುತ್ತೇನೆ ಅನ್ನುತ್ತಾರೆ. ಅಪ್ಪನಿಗೆ ಇದನ್ನೆಲ್ಲ ಬರೆಯಬಾರದು, ಗೊತ್ತು. ಬರೆದಾಯಿತು.

ಮದುವೆಯಾಗಿ ನಾಲ್ಕನೆಯ ದಿನ ನಾನೊಂದು ತಪ್ಪು ಮಾಡಿದೆ. ಹೊಸ ಸೊಸೆ, ಒಳ್ಳೆಯವಳು ಅನ್ನಿಸಿಕೊಳ್ಳುವ ಆಸೆ. ಅತ್ತೆ ಕೂದಲು ಬಾಚುತ್ತ ಕೂತಿದ್ದರು, ಬೇಸರವಾಗುತ್ತಿರಬಹುದು, ಪಕ್ಕದಲ್ಲಿ ಕೂತು ಸತ್ಯವೇದ ಓದಿ ಹೇಳೋಣ ಎಂದು ಮೇಲಿನಿಂದ ಪುಸ್ತಕ ತೆಗೆದುಕೊಂಡು ಮಟಮಟ ಮಧ್ಯಾಹ್ನ ಕಾರ್ಖಾನೆಗೆ ಇಳಿದೆ. ಅತ್ತೆಯ ಬಾಚಣಿಗೆ ನಿಂತಿತು. ಇವರ ಸುತ್ತಿಗೆ ನಿಂತಿತು. ಇಬ್ಬರೂ ಕೈಗಳನ್ನು ಹಿಂದೆ ಕಟ್ಟಿಕೊಂಡು ಎದ್ದು ಗೋಡೆಗೆ ಸರಿದರು, ನಾನೇನೋ ಕೆಂಡ ತಂದಿದ್ದೇನೆ ಎಂಬಂತೆ. ಅತ್ತೆ ಮೆಲ್ಲಗೆ, "ಮೇಲಿಟ್ಟು ಬಾ ಮಗಳೇ. ನಮಗಿನ್ನೂ ಸಂಜೆಯಾಗಿಲ್ಲ" ಅಂದರು.

ಅರ್ಥವಾಯಿತೇ ಅಪ್ಪಾ? ಇದು ಇವರ ಅಜ್ಜನ ಕಾಲದಿಂದ ಬಂದ ಪದ್ಧತಿ. ಅಶುದ್ಧ ಪ್ರಾಣಿಯ ಹೆಣ ಮುಟ್ಟಿದವನು ಸಂಜೆಯವರೆಗೆ ಅಶುದ್ಧ, ಅದನ್ನು ಹೊತ್ತವನು ಬಟ್ಟೆ ಒಗೆದುಕೊಳ್ಳಬೇಕು ಎಂದು ಯಾಜಕಕಾಂಡದಲ್ಲಿದೆಯಲ್ಲ, ಅದನ್ನು ಇವರು ಅಕ್ಷರಕ್ಕೆ ಅಕ್ಷರ ಪಾಲಿಸುತ್ತಾರೆ. ಕೂದಲು ಮುಟ್ಟಿದ ಕೈಯಿಂದ ಹಗಲೆಲ್ಲ ಪುಸ್ತಕ ಮುಟ್ಟುವುದಿಲ್ಲ, ವಾಕ್ಯ ಬರೆದ ಒಂದು ಚೀಟಿಯನ್ನೂ ಮುಟ್ಟುವುದಿಲ್ಲ. ಹೊತ್ತು ಮುಳುಗಿದ ಮೇಲೆ ಸ್ನಾನ ಮಾಡಿ, ಕೆಲಸದ ಬಟ್ಟೆ ನೆನೆಹಾಕಿ, ಒಗೆದ ಬಟ್ಟೆ ಉಟ್ಟು ಮೇಜಿಗೆ ಬರುತ್ತಾರೆ. ಆಗ ಪುಸ್ತಕ ತೆರೆಯುತ್ತದೆ. ಇನ್ನು ಊಟದ ವಿಷಯ ಕೇಳಲೇಬೇಡಿ. ಆ ಮಾಂಸ ಈ ಮನೆಯ ಹೊಸ್ತಿಲು ದಾಟಿದ್ದೇ ಇಲ್ಲ. "ಕೈಗೆ ಬೇಕು, ಬಾಯಿಗೆ ಬೇಡ" ಅನ್ನುವುದು ಅತ್ತೆಯ ಮಾತು. ನೀವು ಇವರನ್ನು ಏನೂ ಲೆಕ್ಕಕ್ಕಿಡದ ಜನ ಅಂದುಕೊಂಡಿದ್ದೀರಿ. ನಮ್ಮ ಸಭೆಯಲ್ಲಿ ಹಿರಿಯರಾದ ನಿಮ್ಮನ್ನೂ ಸೇರಿಸಿ ಯಾರೂ ಇಷ್ಟು ಮಾಡುವುದನ್ನು ನಾನು ಕಂಡಿಲ್ಲ.

ಮದುವೆಯ ದಿನ ನೀವು ನನ್ನ ತಲೆಯ ಮೇಲೆ ಕೈಯಿಟ್ಟು ಹರಸಿದಿರಿ. ಇವರ ತಲೆಯ ಮೇಲೆ ನಿಮ್ಮ ಕೈ ಒಂದು ಗೇಣು ಮೇಲೆಯೇ ನಿಂತುಬಿಟ್ಟಿತು. ಯಾರೂ ನೋಡಲಿಲ್ಲ ಎಂದು ನಿಮಗೆ ಅನ್ನಿಸಿರಬಹುದು. ನಾನು ನೋಡಿದೆ, ಇವರೂ ನೋಡಿದರು. ವಾಪಸು ಬರುವಾಗ ಬಸ್ಸಿನಲ್ಲಿ "ನಿಮ್ಮಪ್ಪನ ಆಶೀರ್ವಾದ ನನಗೆ ರೇಡಿಯೋ ಥರ ಗಾಳಿಯಲ್ಲೇ ಬಂತು" ಅಂದು ನಕ್ಕರು. ನಾನೂ ನಕ್ಕೆ. ಆಮೇಲೆ ಕಿಟಕಿಯ ಕಡೆ ತಿರುಗಿಕೊಂಡೆ. ಇವರು ಮದುವೆಗೆ ಮುಂಚೆ ಮೂರು ದಿನ ಕೂದಲು ಮುಟ್ಟಿರಲಿಲ್ಲ ಅಪ್ಪಾ, ನಿಮಗೋಸ್ಕರವೇ. ಹಾಗೆ ಹೇಳಿಕೊಳ್ಳುವ ಜಾತಿಯವರಲ್ಲ, ಅತ್ತೆ ಹೇಳಿದ್ದು.

"ಮುಟ್ಟಬಾರದು ಅಂತಲೇ ಬರೆದಿದೆಯಲ್ಲ, ನಿನ್ನ ಇಂಗ್ಲಿಷ್ ಸ್ಕೂಲಿನಲ್ಲಿ ಅಷ್ಟು ಓದೋಕೂ ಕಲಿಸಲಿಲ್ವಾ" ಎಂದು ನೀವು ಕನ್ನಡಕ ಏರಿಸುವುದು ನನಗೆ ಇಲ್ಲಿಂದಲೇ ಕಾಣುತ್ತಿದೆ. ಬರೆದಿದೆ, ನಿಜ. ಆದರೆ ಅದೇ ಅಧ್ಯಾಯದಲ್ಲಿ ಸ್ವಲ್ಪ ಕೆಳಗೆ, ಮುಟ್ಟಿದವನನ್ನು ಅಟ್ಟಿಬಿಡಿ ಎಂದಿಲ್ಲ, ಅವನ ಮನೆಗೆ ಹೋಗಬೇಡಿ ಎಂದಿಲ್ಲ, ಸಂಜೆಯವರೆಗೆ ಎಂದಿದೆ. ಜನ ಮುಟ್ಟುತ್ತಾರೆ, ಮುಟ್ಟದೆ ಬದುಕು ಸಾಗುವುದಿಲ್ಲ ಎಂದು ಗೊತ್ತಿದ್ದೇ ಅದಕ್ಕೊಂದು ಗಡುವು ಇಟ್ಟಿದೆ. ಅದಕ್ಕೂ ಹಿಂದೆ, ಏಳನೆಯ ಅಧ್ಯಾಯದಲ್ಲಿ, ತಾನಾಗಿ ಸತ್ತ ಪಶುವಿನ ಕೊಬ್ಬನ್ನು ಬೇರೆ ಯಾವ ಕೆಲಸಕ್ಕಾದರೂ ಬಳಸಿ, ತಿನ್ನುವುದು ಮಾತ್ರ ಬೇಡ ಎಂದಿದೆ. ಅದು ಕೊಬ್ಬಿನ ಮಾತು, ಕೂದಲಿನದಲ್ಲ, ಅದೂ ಆ ಪ್ರಾಣಿಯದಲ್ಲ ಅನ್ನುತ್ತೀರಿ. ಒಪ್ಪಿದೆ. ಒಂಟೆ? ತಿನ್ನಬಾರದ ಪ್ರಾಣಿಗಳ ಅದೇ ಪಟ್ಟಿಯಲ್ಲಿ ಒಂಟೆಯೂ ಅಶುದ್ಧವೇ. ಆದರೂ ಸತ್ಯವೇದದ ಕಥೆಯಲ್ಲೇ ಮದುವಣಗಿತ್ತಿ ಗಂಡನ ಮನೆಗೆ ಬಂದದ್ದು ಒಂಟೆಯ ಮೇಲೆ ಕೂತು. ಬರಗಾಲದಲ್ಲಿ ಪ್ರವಾದಿಗೆ ಊಟ ತಂದುಕೊಟ್ಟದ್ದು ಕಾಗೆ. ತಿನ್ನಬಾರದ ಕಾಗೆಯ ಕೈಯಲ್ಲಿ, ಅಂದರೆ ಕೊಕ್ಕಿನಲ್ಲಿ, ದೇವರೇ ಊಟ ಕಳಿಸಿದರೆ ತಪ್ಪಿಲ್ಲ, ಬ್ರಷ್ ಮಾಡುವವನ ಮಗಳ ಗಂಡ... ನೋಡಿ, ಏನೋ ಬರೆಯಲು ಹೋಗಿ ಏನೋ ಬರೆದೆ. ನಿಮ್ಮ ಮಗಳ ಗಂಡ ಬ್ರಷ್ ಕಟ್ಟಿದರೆ ಮಾತ್ರ ತಪ್ಪೇ ಎಂದು ಕೇಳಲು ಹೊರಟಿದ್ದೆ. ಹೊಡೆದುಹಾಕುವುದಿಲ್ಲ, ಹಾಳೆ ಕೊಳಕಾಗುತ್ತದೆ.

ಈಗ ಒಂಬತ್ತು ದಿನದಿಂದ ನನ್ನನ್ನು ತಿನ್ನುತ್ತಿರುವ ವಿಷಯ. ಕೂತುಕೊಂಡು ಓದಿ ಅಪ್ಪಾ. ಏಣಿಯ ಮೇಲಿದ್ದರೆ ಇಳಿಯಿರಿ.

ಹೋದ ವಾರದ ಸೋಮವಾರ ನಾನು ನೀರಿನ ಚೊಂಬು ಹಿಡಿದು ಕೆಳಗೆ ಹೋದಾಗ ಇವರು ಹೊಸದಾಗಿ ಮುಗಿಸಿದ ಬ್ರಷ್ಷುಗಳನ್ನು ಸಾಲಾಗಿ ನಿಲ್ಲಿಸುತ್ತಿದ್ದರು. ಚಪ್ಪಟೆ ಬ್ರಷ್, ಎರಡು ಬೆರಳು ಅಗಲ, ಹಿಡಿಯ ಮೇಲೆ ಸುಟ್ಟು ಮೂಡಿಸಿದ ಎರಡು ಉಂಗುರದ ಗುರುತು, ತಗಡಿನ ಕೆಳಗೆ ನೀಲಿ ದಾರ. ಚೊಂಬು ಕೈಯಿಂದ ಜಾರಿತು. ಆ ಬ್ರಷ್ಷಿನ ಹಿಡಿಯನ್ನು ಕಚ್ಚಿ ಕಚ್ಚಿ ನನ್ನ ಹಾಲುಹಲ್ಲು ಬಿದ್ದದ್ದು. ನಿಮ್ಮ ಕೋಣೆಯ ಡಬ್ಬಿಯಲ್ಲಿ ಅಂಥವು ಹನ್ನೊಂದು ಇವೆ. ಪ್ರಾರ್ಥನೆ ಮಾಡಿ, ಹಗಲು ಬೆಳಕಿನಲ್ಲಿ, ಅದರಿಂದಲೇ ನೀವು ಊರಿನ ಪ್ರಾರ್ಥನಾಮಂದಿರಗಳ ಗೋಡೆಯ ಮೇಲೆಲ್ಲ ವಾಕ್ಯ ಬರೆದಿರುವುದು. ಇದು ಯಾವ ಕೂದಲು ಎಂದು ಕೇಳಿದೆ. "ಇನ್ಯಾವುದು, ನಮ್ಮದೇ. ಬೋರ್ಡ್ ಬರೆಯೋರು ಇದನ್ನೇ ಕೇಳೋದು. ಹಂದಿ ಕೂದಲಿನ ತುದಿ ತಾನಾಗೇ ಸೀಳಿರುತ್ತೆ, ಅದಕ್ಕೇ ಬಣ್ಣ ಕುಡಿಯುತ್ತೆ, ಗೀಟು ಕದಲಲ್ಲ" ಅಂದರು. ಅಂಗಡಿಯವನು ಕುದುರೆ ಕೂದಲು ಎಂದು ಹೇಳಿದ್ದನ್ನು ನೀವು ಇಪ್ಪತ್ತೆಂಟು ವರ್ಷ ನಂಬಿದ್ದೀರಿ. ನಾನು ಇವರಿಗೆ ಏನೂ ಹೇಳಲಿಲ್ಲ, ನೆಲ ಒರೆಸಿ ಮೇಲೆ ಬಂದೆ.

ಇದನ್ನು ನಿಮಗೆ ಹೇಳುವುದೇ ಬೇಡ ಎಂದು ಐದು ದಿನ ತೀರ್ಮಾನ ಮಾಡಿದ್ದೆ, ನಾಲ್ಕು ದಿನ ಅದನ್ನು ಮುರಿದೆ. ನಿಮ್ಮನ್ನು ಗೆಲ್ಲುವುದಕ್ಕೆ ಇದು ಒಳ್ಳೆಯ ಮಾತು, ಬಲ್ಲೆ. ಆದರೆ ನಿಮ್ಮನ್ನೂ ಬಲ್ಲೆ. ತಪ್ಪು ತಿಳಿದ ಗಳಿಗೆಯೇ ಹನ್ನೊಂದು ಬ್ರಷ್ಷನ್ನೂ ಒಲೆಗೆ ಹಾಕಿ, ಬರೆದ ಗೋಡೆಗಳಿಗೆಲ್ಲ ಸುಣ್ಣ ಬಳಿದು, ಮತ್ತೆ ಕೈ ಎತ್ತದೆ ಕೂತುಬಿಡುವವರು ನೀವು. ಅಳಿಯನನ್ನು ಒಳಗೆ ತರಲು ಹೋಗಿ ಅಪ್ಪನ ಕೈಯಿಂದ ಕೆಲಸ ಕಸಿದೆನಲ್ಲ ಎಂದು ನಾನು ಜೀವಮಾನವೆಲ್ಲ ಕೊರಗಬೇಕಾಗುತ್ತದೆ. ಹಾಗಿದ್ದರೂ ಹೇಳುತ್ತಿರುವುದು ಏಕೆಂದರೆ, ಒಂದಲ್ಲ ಒಂದು ದಿನ ಇವರು ನಿಮ್ಮ ಕೋಣೆಗೆ ಕಾಲಿಡುತ್ತಾರೆ, ಆ ಡಬ್ಬಿ ನೋಡುತ್ತಾರೆ, ತಾವು ಕಟ್ಟಿದ ಬ್ರಷ್ಷನ್ನು ಗುರುತಿಸಿ ಸಂತೋಷದಿಂದ ಅಲ್ಲೇ, ಸಭೆಯವರ ಎದುರಿಗೇ, ಹೇಳಿಬಿಡುತ್ತಾರೆ. ಇವರಿಗೆ ಕಪಟ ಗೊತ್ತಿಲ್ಲ. ಆ ಮಾತು ಮೊದಲು ನನ್ನಿಂದ ಬರಲಿ, ನೀವು ಒಬ್ಬರೇ ಇರುವಾಗ ಬರಲಿ.

ಒಂದೇ ಒಂದು ಯೋಚನೆ ಮಾಡಿ. ಅದು ಕುದುರೆಯದೇ ಆಗಿದ್ದರೂ, ಕುದುರೆಯ ಗೊರಸು ಎಲ್ಲಿ ಸೀಳಿದೆ ಅಪ್ಪಾ? ಅದು ಮೆಲುಕು ಹಾಕುತ್ತದೆಯೇ? ಎರಡೂ ಇದ್ದರೆ ಮಾತ್ರ ತಿನ್ನಬಹುದು ಎನ್ನುವ ಆ ಪಟ್ಟಿಯ ಪ್ರಕಾರ ಅದೂ ತಿನ್ನಬಾರದ ಪ್ರಾಣಿಯೇ. ಅದು ನಿಮಗೆ ಇಷ್ಟು ವರ್ಷ ಗೊತ್ತಿತ್ತು, ನಿಮ್ಮ ಮನಸ್ಸಿಗೆ ತಪ್ಪೆನಿಸಲಿಲ್ಲ, ಏಕೆಂದರೆ ನೀವು ಅದನ್ನು ತಿನ್ನಲಿಲ್ಲ, ಅದರಿಂದ ಬರೆದಿರಿ. ನೀವು ಬರೆದ ಗೋಡೆಯ ಮುಂದೆ ನಿಂತು ಅತ್ತವರನ್ನು ನಾನು ನೋಡಿದ್ದೇನೆ. ಆ ಅಕ್ಷರಗಳಲ್ಲಿ ಒಂದೂ ಕೆಟ್ಟದ್ದಲ್ಲ. ಹಾಗೆಯೇ ಆ ಬ್ರಷ್ ಕಟ್ಟಿದ ಕೈಯೂ. ಸುಣ್ಣ ಬಳಿಯಬೇಡಿ. ಬೇಕಾದರೆ ಅತ್ತೆಯ ಹಾಗೆ ಸಂಜೆಗೆ ಕಾಯಿರಿ, ಆದರೆ ಬ್ರಷ್ ಬಿಡಬೇಡಿ.

ನಿಮ್ಮ ಕಾಗದ ಬಂತು. ಮೇಲೆ ಕೆಂಪು ಶಾಯಿಯಲ್ಲಿ ವಾಕ್ಯ, ಕೆಳಗೆ "ಬಂದುಹೋಗು. ಒಬ್ಬಳೇ ಬಾ." ಬೇರೆ ಏನೂ ಇಲ್ಲ. ಬೋರ್ಡಿಗೆ ಅಕ್ಷರ ಎಣಿಸಿದ ಹಾಗೆ ಮಗಳಿಗೂ ಎಣಿಸಿಯೇ ಬರೆಯುತ್ತೀರಿ. ಇವರು ನಿಮ್ಮ ಭುಜದ ವಿಷಯ ಕೇಳಿದಾಗಿನಿಂದ "ಮಾವ ಕೆಳಗೆ ನಿಂತು ಗೀಟು ಹೇಳಲಿ, ಮೇಲಿನ ಸಾಲಿಗೆ ನಾನು ಬಣ್ಣ ತುಂಬ್ತೀನಿ, ನನಗೇನು ಏಣಿ ಹೊಸದಾ" ಅನ್ನುತ್ತಿದ್ದಾರೆ.

ಇಂಗ್ಲಿಷ್ ಮೀಡಿಯಂ ಮಗಳು ಕನ್ನಡದಲ್ಲಿ ಇಷ್ಟು ಹಾಳೆ ತುಂಬಿಸಿದಳು ಎಂದು ಅಮ್ಮನಿಗೆ ತೋರಿಸಿ, ಬ್ರಷ್ಷಿನ ಹಾಳೆ ಮಾತ್ರ ಬೇಡ. ಅತ್ತೆ ನಿಮ್ಮಿಬ್ಬರಿಗೂ ನಮಸ್ಕಾರ ಹೇಳಿದ್ದಾರೆ. ನಿಮ್ಮ ಭುಜವೂ ಅಮ್ಮನ ಕೆಮ್ಮೂ ಬೇಗ ವಾಸಿಯಾಗಲೆಂದು ದಿನವೂ ಮೇಜಿನ ಸುತ್ತ ಕೂತು ಕೇಳಿಕೊಳ್ಳುತ್ತಿದ್ದೇವೆ, ಮೂವರೂ.

ನಿಮ್ಮ
ಗಡಿಬಿಡಿ

ಮರೆತಿದ್ದು: ಮರೆತದ್ದಲ್ಲ, ಧೈರ್ಯ ಸಾಲಲಿಲ್ಲ. ನಿಮ್ಮ ಕಾಗದ ಬಂದಾಗ ಹನ್ನೊಂದು ಗಂಟೆ, ಇವರ ಕೈಯಲ್ಲಿ ಕೂದಲು. ಮೇಲೆ ವಾಕ್ಯ ಇರುವುದನ್ನು ಕಂಡು ಮುಟ್ಟಲಿಲ್ಲ, "ನೀನೇ ಓದು" ಅಂದರು. ನಾನು "ಇಬ್ಬರೂ ಬನ್ನಿ" ಎಂದು ಓದಿಬಿಟ್ಟೆ. ಬಾಯಿಂದ ತಾನಾಗಿ ಬಂತು ಅಪ್ಪಾ. ಇವರು ಎದ್ದು ಗೋಡೆಯ ಕಡೆ ತಿರುಗಿ ತೋಳಿನಿಂದ ಮುಖ ಒರೆಸಿಕೊಂಡರು. ಸಂಜೆ ಕಾಗದ ಕೇಳಿದಾಗ ಎಲ್ಲಿಟ್ಟೆನೋ ಎಂದು ಹುಡುಕುವ ನಾಟಕ ಮಾಡಿದೆ, ಅದು ನನ್ನ ರವಿಕೆಯೊಳಗಿತ್ತು. ಟಿಕೆಟ್ ಎರಡು ತಂದಿದ್ದಾರೆ, ಹೊಸ ಷರಟು ಹೊಲಿಸಿದ್ದಾರೆ. ಇವರಿಗೆ ನಿಜ ಹೇಳಲು ನನ್ನಿಂದಾಗದು. ನಾನು ಹೇಳಿದ ಸುಳ್ಳನ್ನು ನಿಜ ಮಾಡುವುದು ನಿಮ್ಮೊಬ್ಬರ ಕೈಯಲ್ಲಿದೆ. ಬರುವ ಮಂಗಳವಾರ, ಬೆಳಗ್ಗೆ ಹತ್ತೂ ಇಪ್ಪತ್ತಕ್ಕೆ ನಿಮ್ಮೂರು ತಲುಪುವ ಪ್ಯಾಸೆಂಜರ್, ಹಿಂದಿನಿಂದ ಎರಡನೆಯ ಡಬ್ಬಿ.