ನರದ ದೌರ್ಬಲ್ಯ

ಅಪ್ಪಾ,

ಇವತ್ತು ವರ್ನಾ ಸ್ಟೋಲ್ಟ್ಜ್ ನನ್ನ ತರಗತಿಗೆ ಬಂದಿದ್ದರು. ಓಹಾಯೋದ ನಮ್ಮ ಸಣ್ಣ ಊರಿನಲ್ಲಿ ನಲವತ್ತು ವರ್ಷ ನೀವು ನೋಡಿದ ರೋಗಿಗಳಲ್ಲಿ ಅವರೊಬ್ಬರು. ಗಂಡನಿಂದ ಪೆಟ್ಟು ತಿಂದು ಬರುವ ಹೆಂಗಸರನ್ನು ಹೇಗೆ ವಿಚಾರಿಸಬೇಕೆಂದು ಯುವ ವೈದ್ಯರಿಗೆ ಈಗ ನಾನು ಕಲಿಸುತ್ತೇನೆ. ನೀವಿದ್ದಿದ್ದರೆ, "ಅದು ಮನೆ ಜಗಳ ಕಣೇ, ಕಾಯಿಲೆ ಅಲ್ಲ" ಎಂದು ನಗುತ್ತಿದ್ದಿರಿ.

ವರ್ನಾಗೆ ಈಗ ಎಂಬತ್ತೊಂದು. ಸೊಟ್ಟಗೆ ಕೂಡಿಕೊಂಡ ಮಣಿಕಟ್ಟನ್ನು ಮೇಜಿನ ಮೇಲಿಟ್ಟು ಹೇಳಿದರು: "ಇದನ್ನ ಮುರಿದಿದ್ದು ನನ್ನ ಗಂಡ ಅಂತ ಡಾಕ್ಟರಿಗೆ ಬಾಯಿಬಿಟ್ಟು ಹೇಳ್ದೆ. ಪಾಪ, ಒಳ್ಳೆ ಮನುಷ್ಯ. 'ನಿಂಗೆ ನರದ ದೌರ್ಬಲ್ಯ ಕಣಮ್ಮಾ' ಅಂತ ಮಾತ್ರೆ ಬರ್ಕೊಟ್ರು. ಆಮೇಲೆ ಹೊರಗೆ ಕೂತಿದ್ದ ಅವನನ್ನ ಒಳಗೆ ಕರೆದು, ನಾನು ಅಂದಿದ್ದನ್ನೆಲ್ಲ ಒಪ್ಪಿಸಿ, 'ಸ್ವಲ್ಪ ತಾಳ್ಮೆಯಿಂದ ನೋಡ್ಕೊಳ್ಳಪ್ಪ' ಅಂದ್ರು. ಅವನು ತಲೆಯಾಡಿಸಿ ನನ್ನನ್ನ ಕಾರಲ್ಲಿ ಕೂರಿಸ್ಕೊಂಡ. ಮನೆಗೆ ಹೋಗಿ ಬಾಗಿಲು ಹಾಕ್ಕೊಂಡ್ಮೇಲೆ ಇನ್ನೊಂದು ಕೈ ಮುರಿದ."

ಹಿಂದಿನ ಸಾಲಿನ ಹುಡುಗಿಯೊಬ್ಬಳು ಕೆರಳಿ ಕೇಳಿದಳು: "ಯಾರಮ್ಮಾ ಆ ಡಾಕ್ಟರು?"

ವರ್ನಾ ನನ್ನತ್ತ ನೋಡಿದರು. ನನ್ನ ಕೊರಳಲ್ಲಿ ತೂಗುತ್ತಿದ್ದ ಗುರುತಿನ ಚೀಟಿಯಲ್ಲಿ ನಿಮ್ಮ ಮನೆತನದ ಹೆಸರೇ ಇತ್ತು.

"ಅಯ್ಯೋ, ವಯಸ್ಸಾಯ್ತಲ್ಲ ಮಗಾ, ಮರೆತೇಹೋಯ್ತು" ಎಂದರು.

ಅವರು ಏನನ್ನೂ ಮರೆತಿರಲಿಲ್ಲ. ನಾನಾದರೂ ಹೇಳಬಹುದಿತ್ತು. ಗೊತ್ತಿದ್ದೂ ಸುಮ್ಮನಿರುವುದು ಹೊಡೆದವನಿಗೆ ಕೈಜೋಡಿಸಿದಂತೆ ಎಂದು ಆ ಮಕ್ಕಳಿಗೆ ಅರ್ಧ ಗಂಟೆಯ ಹಿಂದಷ್ಟೇ ಪಾಠ ಮಾಡಿದ್ದವಳು ನಾನು. ಮುಂದಿನ ಪ್ರಶ್ನೆ ಯಾರದು ಎಂದು ಕೇಳಿದೆ.

ಎಷ್ಟಾದರೂ ನಿಮ್ಮ ಮಗಳು,
ಜೋನೆಲ್