ಅಣಕದ ಮಾತಿಗೆ ಅಮ್ಮನ ಉತ್ತರ

ಮಾರ್ಚ್ ೨೭, ಗುರುವಾರ

ಗಂಟಲು ಹರಿದುಹೋಗಿದೆ, ಮನಸ್ಸು ಮಾತ್ರ ಕುಣಿಯುತ್ತಿದೆ!

ಮೂರು ದಿನದಿಂದ ಆ ಒಂದು ಮಾತು ಬಾಯಿಂದ ಹೊರಡುತ್ತಿರಲಿಲ್ಲ. ಚರ್ಚಿನ ನಾಟಕದಲ್ಲಿ ನಾನು ಶಿಲುಬೆಯ ಕೆಳಗೆ ನಿಂತು ಯೇಸುವನ್ನು ಅಣಕಿಸುವ ಸಿಪಾಯಿ. "ಊರವರನ್ನೆಲ್ಲ ಉಳಿಸಿದ, ತನ್ನನ್ನೇ ಉಳಿಸಿಕೊಳ್ಳಲಾರ!" ಎಂದು ಗಹಗಹಿಸಬೇಕು. ಸಿಂಹದಂತೆ ಗರ್ಜಿಸುವ ನಾನು ಅಲ್ಲಿಗೆ ಬಂದಾಗ ಬೆಕ್ಕಿನ ಮರಿ. ನಂಬಿದವನನ್ನೇ ಗೇಲಿ ಮಾಡುವುದು ಹೇಗೆ? ನಾಟಕ ಕಲಿಸುವ ಅಕ್ಕ ಇವತ್ತು ಸಂಜೆ ರೇಗಿದಳು: "ಏನೋ, ಸತ್ತವರ ಮನೆಗೆ ಬಂದವನ ಹಾಗೆ ನಿಂತಿದ್ದೀಯ? ಇನ್ನೊಂದು ಸಲ ತಪ್ಪಿದರೆ ಪಾತ್ರ ಬಡಗಿಗೆ!"

ಜನರ ಗುಂಪಿನಲ್ಲಿ ನಿಲ್ಲುವ ನಮ್ಮೂರ ಬಡಗಿಗೆ! ಅವನ ದನಿ ಮೊದಲ ಬೆಂಚಿಗೂ ಮುಟ್ಟದು!

ಪಾದ್ರಿಗಳು ಹೆಗಲ ಮೇಲೆ ಕೈಯಿಟ್ಟರು. "ಸಿಪಾಯಿ ನಗುತ್ತಾ ಆಡಿದ್ದು ನಿಜವನ್ನೇ ಕಣಯ್ಯ. ನಮ್ಮನ್ನು ಉಳಿಸಬೇಕಿತ್ತು, ಅದಕ್ಕೇ ಯೇಸು ತನ್ನನ್ನು ಉಳಿಸಿಕೊಳ್ಳಲಿಲ್ಲ. ಆ ಸಿಪಾಯಿ ಗೊತ್ತಿಲ್ಲದೆ ಸುವಾರ್ತೆ ಸಾರಿಬಿಟ್ಟ. ನೀನು ಗೊತ್ತಿದ್ದು ಸಾರು, ಕಡೇ ಬೆಂಚಿಗೂ ಕೇಳಲಿ."

ಆಹಾ! ಎದೆಯ ಬೀಗ ಕಳಚಿತು. ಕಿಟಕಿಯ ಗಾಜು ನಡುಗುವಂತೆ ನಕ್ಕೆ, ಕೂಗಿದೆ. ಕಡೇ ಬೆಂಚಿನಲ್ಲಿ ನನ್ನ ಅಂಗಿಗೆ ಗುಂಡಿ ಹೊಲಿಯುತ್ತಿದ್ದ ಅಮ್ಮ, ಯಾವ ಮಾತನ್ನೂ ಮೂರು ಸಲ ಹೇಳಿಸಿಕೊಳ್ಳುವ ಅರೆಗಿವುಡಿ, ಥಟ್ಟನೆ ಎದ್ದು ಅಷ್ಟೇ ಜೋರಾಗಿ ಉತ್ತರ ಕೊಟ್ಟಳು: "ಹೌದು ಮಗನೇ, ನಮಗೋಸ್ಕರವೇ!"

ಯೇಸುವಿನ ಪಾತ್ರದ ದರ್ಜಿ ಶಿಲುಬೆಯ ಮೇಲೇ ನಕ್ಕುಬಿಟ್ಟ. ಅಕ್ಕ ಕಣ್ಣೊರೆಸಿಕೊಂಡು, "ಅಮ್ಮನ ಮಾತನ್ನೂ ನಾಟಕಕ್ಕೆ ಸೇರಿಸೋಣ" ಎಂದಳು.

ಪಾತ್ರ ನನ್ನದೇ! ಪಕ್ಕದ ಕೋಣೆಯಲ್ಲಿ ಅಮ್ಮ ಇನ್ನೂ ತನ್ನ ಒಂದೇ ಸಾಲನ್ನು ಅಭ್ಯಾಸ ಮಾಡುತ್ತಿದ್ದಾಳೆ, ಪ್ರತಿ ಸಲ ಬೇರೆ ರಾಗದಲ್ಲಿ. ಈಗ "ನಿನ್ನ ಮಾತು ಹೇಳೋ, ನಾನು ಉತ್ತರ ಕೊಡ್ತೀನಿ" ಎಂದು ಕೂಗುತ್ತಿದ್ದಾಳೆ. ಗಂಟಲು ಹೋದರೆ ಹೋಗಲಿ, ಒಂದು ಸಲ ಹೇಳಿ ಬಂದು ಆಮೇಲೆ ಮಲಗುತ್ತೇನೆ.