ಗೋಡೆಯ ಮೇಲಿನ ಎಣ್ಣೆಕಲೆ

ಅಮ್ಮಾ,

ಉಚಿತ ಕಾನೂನು ನೆರವು ಕೇಂದ್ರದ ಉದ್ದನೆಯ ಬೆಂಚನ್ನು ಇವತ್ತು ಬೆಳಿಗ್ಗೆ ಹೊರಗೆ ಸಾಗಿಸಿದರು. ಕಾದು ಕೂತವರು ತಲೆ ಆನಿಸಿದ ಕಡೆಯೆಲ್ಲ ಗೋಡೆಯ ಮೇಲೆ ಎಣ್ಣೆಕಲೆಗಳು ಸಾಲಾಗಿ ಕಂಡವು. ಅವುಗಳಲ್ಲಿ ಯಾವುದೋ ಒಂದು ನಿನ್ನದು. ನೀನು ಹೋಗಿ ಎರಡು ವರ್ಷವಾಯಿತು, ಅದಿನ್ನೂ ಇದೆ.

ಸರ್ಕಾರ ಕೇಂದ್ರಕ್ಕೆ ಕೊಡುವ ಹಣ ನಿಲ್ಲಿಸುತ್ತಿದೆ. ಮುಚ್ಚಬೇಡಿ ಎಂದು ನಾವು ಹತ್ತು ಜನ ಓಡಾಡುತ್ತಿದ್ದೇವೆ. ನಾಳೆ ಅಧಿಕಾರಿಗಳ ಮುಂದೆ ಓದುವ ಮನವಿ ಬರೆಯುವುದನ್ನು, ಸಾಹಿತ್ಯ ಓದಿದವಳೆಂದು ನನ್ನ ತಲೆಗೆ ಕಟ್ಟಿದರು. ನಿನ್ನ ಕಥೆಯನ್ನೇ ಬರೆದೆ. ಅಪ್ಪ ಸತ್ತ ಮೇಲೆ ಚಿಕ್ಕಪ್ಪಂದಿರು ಮನೆಯಿಂದ ಹೊರಹಾಕಿದ್ದು, ಇಲ್ಲಿನ ವಕೀಲರಮ್ಮ ಮೂರು ವರ್ಷ ವಾದಿಸಿ ಮನೆ ವಾಪಸ್ ಕೊಡಿಸಿದ್ದು. ಹೆಸರು ಮಾತ್ರ ಹಾಕದೆ ‘ಒಬ್ಬ ಮಹಿಳೆ’ ಎಂದೆ.

ಅದೇ ವಕೀಲರಮ್ಮ ಇವತ್ತು ಅದನ್ನು ಓದಿದರು.

“ಹೆಸರಿಲ್ಲದಿದ್ರೆ ಕಟ್ಟುಕಥೆ ಅಂತ ಪಕ್ಕಕ್ಕಿಡ್ತಾರೆ ಕಣೇ. ಈ ಕೇಸು ನಂಗೆ ನೆನಪಿದೆ. ಆಯಮ್ಮನ ಮಗಳೊಬ್ಬಳು ಗೇಟಿನಾಚೆ ಪುಸ್ತಕ ಹಿಡ್ಕೊಂಡು ನಿಂತಿರ್ತಿದ್ದಳು. ಒಳಗೆ ಕರೀರಿ ಅಂದ್ರೆ, ‘ಬೇಡ ಮೇಡಂ, ಅವಳಿಗೆ ಪರೀಕ್ಷೆ’ ಅನ್ನೋರು. ಮೂರು ವರ್ಷವೂ ಪರೀಕ್ಷೆ!” ಎಂದು ನಕ್ಕರು.

ನಾನೂ ನಕ್ಕೆ. ಆ ಮಗಳು ನಾನೇ ಎಂದು ಅವರಿಗೆ ಗೊತ್ತಿಲ್ಲ; ಹಳೆಯ ಕಡತದಿಂದ ತೆಗೆದ ಕಥೆ ಎಂದುಕೊಂಡಿದ್ದಾರೆ. ಆ ಬೆಂಚಿನ ಮೇಲೆ ನಿನ್ನ ಪಕ್ಕ ಕೂತಿರುವುದನ್ನು ಗೆಳತಿಯರು ನೋಡಿಬಿಟ್ಟರೆ ಎಂದು ನಾಚಿ ನಾನು ಹೊರಗೆ ನಿಲ್ಲುತ್ತಿದ್ದೆ. ಅದು ನಿನಗೆ ಗೊತ್ತಿತ್ತೆಂದು, ಅದಕ್ಕೇ ‘ಪರೀಕ್ಷೆ’ ಎನ್ನುತ್ತಿದ್ದೆಯೆಂದು ನನಗೆ ಇವತ್ತೇ ತಿಳಿದದ್ದು.

ಕೇಂದ್ರ ಉಳಿಯುವುದು ಅನುಮಾನ. ಆದರೂ ‘ಒಬ್ಬ ಮಹಿಳೆ’ಯನ್ನು ಹೊಡೆದುಹಾಕಿ ನಿನ್ನ ಹೆಸರು ಬರೆದಿದ್ದೇನೆ. ಕೆಳಗೆ ನನ್ನ ಸಹಿ, ಅದರ ಪಕ್ಕದಲ್ಲಿ ‘ಮಗಳು’ ಎಂದು. ನಾಳೆ ಒಳಗೆ ಹೋಗಿ ನಾನೇ ಓದುತ್ತೇನೆ.